ಚಿಕ್ಕಪ್ಪನ ಬೇರೆ ತಟ್ಟೆ

ರಾಜ್ಯೋತ್ಸವದ ದಿನ ಬಸವನಗುಡಿಯ ಶಿಬಿರವೊಂದರಲ್ಲಿ ಚಿಕ್ಕಪ್ಪ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಪ್ರಮಾಣಪತ್ರ ಹಿಡಿದು ಖುಷಿಯಿಂದ ಮನೆಗೆ ಬಂದರು. ಕೆಲವು ದಿನಗಳ ನಂತರ ರಕ್ತನಿಧಿಯಿಂದ ಕರೆ: ಒಮ್ಮೆ ಬಂದು ಹೋಗಿ. ಹೆಪಟೈಟಿಸ್ ಬಿ, ಯಕೃತ್ತಿಗೆ ತಗುಲುವ ವೈರಸ್ ಸೋಂಕು. ವಯಸ್ಸು 58. ಒಂದು ದಿನವೂ ಅವರ ಕಣ್ಣು ಹಳದಿಯಾದದ್ದನ್ನು ನಾವು ಕಂಡಿಲ್ಲ.

ಆ ರಾತ್ರಿಯೇ ಚಿಕ್ಕಮ್ಮ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಒಟ್ಟಿಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಇದು ಅಂಟುವುದಿಲ್ಲ. ಅಂಟುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ದೇಹದ ಹೊರಗೂ ಈ ವೈರಸ್ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ತಟ್ಟೆ ಬೇರೆಯಾದ ಅದೇ ಮನೆಯ ಬಚ್ಚಲಲ್ಲಿ ಅಪ್ಪ, ಮಗ ಇಬ್ಬರಿಗೂ ಇದ್ದದ್ದು ಒಂದೇ ರೇಜರ್! ಅದರತ್ತ ಯಾರ ಕಣ್ಣೂ ಹೋಗಿರಲಿಲ್ಲ.

ಇನ್ನು ನೆಂಟರ ಸಲಹೆ: ನೆಲನೆಲ್ಲಿ ಕಷಾಯ. ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಬಿ ಎಲ್ಲರಲ್ಲೂ ಹಾಗಲ್ಲ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಹುಟ್ಟುವಾಗ ತಗುಲಿದರೆ ನೂರಕ್ಕೆ ಸುಮಾರು ತೊಂಬತ್ತು ಮಕ್ಕಳಲ್ಲಿ ಬೇರೂರುತ್ತದೆ. ಹತ್ತಾರು ವರ್ಷ ಸದ್ದಿಲ್ಲದೆ ಕೂತು, ಕೆಲವರ ಯಕೃತ್ತನ್ನು, ಅದನ್ನೇ ಗಡುಸಾಗಿಸುವ ಸಿರೋಸಿಸ್‌ಗೋ ಕ್ಯಾನ್ಸರ್‌ಗೋ ಒಪ್ಪಿಸುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿ ಎಂದು ವೈದ್ಯರು ಅವಸರ ಮಾಡುವುದು ಇದಕ್ಕೇ. ‘ಎಳೆ ಮೈಗೆ ಇಷ್ಟು ಬೇಗ ಸೂಜಿಯೇ’ ಎನ್ನುವ ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ತಲೆಯಾಡಿಸುವ ಓದಿದ ಅಪ್ಪಂದಿರ ಮೇಲಿದೆ.

ನಾನೂ ಅಂಥ ಜಾಣನೇ. ಮಗಳ ಲಸಿಕೆ ಕಾರ್ಡನ್ನು ಜೋಪಾನವಾಗಿ ಇಟ್ಟಿದ್ದೇನೆ; ‘ನಿಮಗೆ ಆಗಿದೆಯೇ?’ ಎಂದು ನರ್ಸ್ ಕೇಳಿದಾಗ ಬಾಯಿ ಕಟ್ಟಿತು. ಈ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಸಿಗತೊಡಗಿದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಮ್ಮಲ್ಲಿ ಎಷ್ಟೋ ಜನರ ಮೈ ಈಗಲೂ ಬೇಲಿಯಿಲ್ಲದ ಹೊಲ. ಮೊದಲು ಎಚ್‌ಬಿಎಸ್‌ಎಜಿ ಎಂಬ ಸೋಂಕು ಪತ್ತೆಯ ರಕ್ತಪರೀಕ್ಷೆ, ಸೋಂಕಿಲ್ಲದಿದ್ದರೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ನಾನು ಎರಡು ಮುಗಿಸಿದ್ದೇನೆ.

ಚಿಕ್ಕಪ್ಪನಿಗೆ ಸದ್ಯ ಮಾತ್ರೆ ಬೇಡವಂತೆ, ಆರು ತಿಂಗಳಿಗೊಮ್ಮೆ ತಪಾಸಣೆ ಸಾಕಂತೆ. ಮುಂದೆ ಬೇಕಾದರೂ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಔಷಧ ಉಚಿತ. ಚಿಕ್ಕಮ್ಮನ ಪರೀಕ್ಷೆಯಲ್ಲಿ ಸೋಂಕಿಲ್ಲ, ಮೊದಲ ಡೋಸ್ ಆಗಿದೆ. ಎರಡನೆಯದು ಅಣ್ಣನ ಮಗಳ ಮದುವೆ ಮುಗಿದ ಮೇಲೆ ಎಂದು ರಾಗ ಎಳೆದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ದಿನಾಂಕಕ್ಕೆ ಕೆಂಪು ಸುತ್ತು ಹಾಕಿ ಬಂದಿದ್ದೇನೆ.