ನಾಚಿಕೆಯ ಸಾಲ ಮೊದಲು, ಬಡ್ಡಿಯ ಸಾಲ ಆಮೇಲೆ?

ನಮ್ಮ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಸಾಲ ತೀರಿಸುವುದಕ್ಕೆ ಒಂದು ಕ್ರಮವಿದೆ. ಯಾರ ಮುಖ ನೋಡುವಾಗ ಹೆಚ್ಚು ನಾಚಿಕೆಯಾಗುತ್ತದೋ ಅವರ ಸಾಲ ಮೊದಲು ತೀರುತ್ತದೆ. ಭಾವನಿಂದ ತಂದ ಕೈಗಡ ಮೊದಲು, ಏಕೆಂದರೆ ಮುಂದಿನ ಮದುವೆ ಮನೆಯಲ್ಲಿ ಅವರು ಎದುರಾಗುತ್ತಾರೆ. ಸಹಕಾರಿ ಸೊಸೈಟಿಯಲ್ಲಿ ಅಡವಿಟ್ಟ ಬಳೆ ಎರಡನೆಯದು, ಏಕೆಂದರೆ ಬರಿಗೈ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲಕ್ಕಿಂತ ಕೊನೆಗೆ. ಅದು ಮೊಬೈಲಿನೊಳಗೆ ಇರುತ್ತದೆ, ಯಾರಿಗೂ ಕಾಣಿಸುವುದಿಲ್ಲ. ಹೊಸ ಕೆಲಸಕ್ಕೆ ಸೇರಿದವರ ಮನೆಯನ್ನು ಮತ್ತೆ ಸಾಲಕ್ಕೆ ನೂಕುವುದರಲ್ಲಿ ಈ ಕ್ರಮದ ಪಾಲು ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಉಡುಪಿ ಬಳಿಯ ಕಟಪಾಡಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಗಂಡ ಗಲ್ಫ್‌ನ ಕೆಲಸ ಬಿಟ್ಟು ಊರಿಗೆ ಮರಳಿ, ಈ ವರ್ಷ ಮೇ ತಿಂಗಳ ಮಧ್ಯದಲ್ಲಿ ಮಂಗಳೂರು ಬಳಿಯ ಬೈಕಂಪಾಡಿಯ ಒಂದು ಕಾರ್ಖಾನೆಗೆ ಸೇರಿದರು. ಅಲ್ಲಿಯ ಸಂಬಳವನ್ನು ನಂಬಿ ಕಟ್ಟಿದ ಮನೆ, ಇಲ್ಲಿಯ ಸಂಬಳದಲ್ಲಿ ತೀರಬೇಕಾದ ಸಾಲ. ಗಲ್ಫ್‌ನಿಂದ ಮರಳಿದವರು ನಮ್ಮ ಬೀದಿಯಲ್ಲೇ ಇನ್ನೂ ಹಲವರಿದ್ದಾರೆ. ಈ ಪರಿಸ್ಥಿತಿಯನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಮೊದಲು ಸಂಬಳದ ಮಾತು. ವರ್ಷಕ್ಕೆ ಆರು ಲಕ್ಷ ಎಂದು ಆಫರ್ ಪತ್ರದಲ್ಲಿದ್ದರೆ ನಮ್ಮ ಮನಸ್ಸು ಕೂಡಲೇ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 50,000 ಎಂದುಕೊಳ್ಳುತ್ತದೆ. ಆ ಆರು ಲಕ್ಷದಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು, ಗ್ರಾಚ್ಯುಟಿ, ಗುಂಪು ವಿಮೆ ಎಲ್ಲವೂ ಸೇರಿರುತ್ತದೆ. ಮೂಲ ವೇತನ 25,000 ಎಂದಿಟ್ಟುಕೊಂಡರೆ ಶೇ 12ರಂತೆ ಕಂಪನಿಯ ಪಾಲು 3,000, ನಮ್ಮ ಪಾಲು ಇನ್ನೊಂದು 3,000. ಮೇಲೆ ವೃತ್ತಿ ತೆರಿಗೆ 200. ಎಲ್ಲ ಕಳೆದು ಕೈಗೆ ಬರುವುದು 42,000ದ ಆಸುಪಾಸು. ಭವಿಷ್ಯನಿಧಿ ನಮ್ಮದೇ ಹಣ, ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಐದನೆಯ ತಾರೀಕಿನ ಕಂತಿಗೆ ಅದು ಒದಗುವುದಿಲ್ಲ. ಆಫರ್ ಪತ್ರ ಕೈಗೆ ಬಂದ ದಿನವೇ ಕಂಪನಿಯ ಲೆಕ್ಕ ವಿಭಾಗಕ್ಕೆ ಫೋನು ಮಾಡಿ, ಕೈಗೆ ಬರುವುದೆಷ್ಟು, ಮೊದಲ ಸಂಬಳ ಯಾವ ದಿನ ಎಂದು ಕೇಳಬೇಕು. ಇದರಲ್ಲಿ ಸಂಕೋಚ ಬೇಡ.

ಮೊದಲ ಸಂಬಳದ ದಿನ ಎಂದೆನಲ್ಲ, ಮನೆಗಳು ಮುಗ್ಗರಿಸುವುದು ಅಲ್ಲಿಯೇ. ನಮ್ಮವರ ಕಂಪನಿಯಲ್ಲಿ ತಿಂಗಳ ಲೆಕ್ಕ ಮುಚ್ಚುವ ಹೊತ್ತಿಗೆ ಇವರ ಹೆಸರು ಪಟ್ಟಿಗೆ ಸೇರಿರಲಿಲ್ಲ. ಹಾಗಾಗಿ ಮೇ ತಿಂಗಳ ದುಡಿಮೆಯ ಹಣವೂ ಜೂನ್ ಕೊನೆಗೇ ಬಂತು. ಕರಾವಳಿಯಲ್ಲಿ ಜೂನ್ ಎಂದರೆ ಏನೆಂದು ನಿಮಗೆ ಗೊತ್ತು. ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ, ಮಕ್ಕಳಿಗೆ ರೈನ್‌ಕೋಟ್, ಹಿತ್ತಿಲ ಕಡೆಯ ಮಾಡಿಗೆ ಟಾರ್ಪಾಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂಗುಡೆಯ ದರ ಕೇಳಿ ಚೀಲ ಮಡಚಿಕೊಂಡು ಮನೆಗೆ ಬರುವ ಕಾಲ. ವರ್ಷದ ಅತಿ ಖರ್ಚಿನ ತಿಂಗಳಲ್ಲಿ ಮನೆಗೆ ಸಂಬಳವಿಲ್ಲ. ಆ ಆರೇಳು ವಾರವನ್ನು ಕಾರ್ಡಿನ ಮೇಲೆ ಕಳೆಯುವ ಮನೆಗಳು ದೀಪಾವಳಿಯವರೆಗೂ ಅದರ ಬಡ್ಡಿ ಕಟ್ಟುತ್ತಿರುತ್ತವೆ. ಗಲ್ಫ್ ಕಂಪನಿ ಕೊಟ್ಟ ಸೇವಾಂತ್ಯದ ಹಣದಲ್ಲಿ ಮೂರು ತಿಂಗಳ ಗೃಹಸಾಲದ ಕಂತನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೆವು, ಅದಕ್ಕೇ ನಾವು ಉಳಿದೆವು. ಅದೇ ಹಣದಲ್ಲಿ ಕಾರು ಕೊಳ್ಳಲು ಹೇಳಿದವರು ಬಹಳ ಮಂದಿ. ಕಟಪಾಡಿಯಿಂದ ಬೈಕಂಪಾಡಿಗೆ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಬರವಿಲ್ಲ. ಕಾರಾದರೆ ಕಂತು, ಪೆಟ್ರೋಲು, ಹೆಜಮಾಡಿಯ ಟೋಲು ಮೂರೂ ಒಟ್ಟಿಗೆ ಶುರುವಾಗುತ್ತವೆ.

ಹೊಸ ಸಂಬಳದ ದಿನಕ್ಕೂ ಹಳೆಯ ಕಂತಿನ ದಿನಕ್ಕೂ ಹೊಂದಿಕೆಯಾಗದಿದ್ದರೆ, ಖಾತೆಯಲ್ಲಿ ಹಣವಿಲ್ಲದೆ ಕಂತು ಪುಟಿಯುವ ಮೊದಲೇ ಬ್ಯಾಂಕಿಗೆ ಹೋಗಿ ದಿನ ಬದಲಾಯಿಸಿಕೊಡಲು ಲಿಖಿತವಾಗಿ ಕೇಳಿ. ಒಂದು ಕಂತು ಪುಟಿದರೆ ಸಾಲ ಕೊಟ್ಟವರೂ ದಂಡ ಹಾಕುತ್ತಾರೆ, ಖಾತೆಯಿರುವ ಬ್ಯಾಂಕೂ ಹಾಕುತ್ತದೆ.

ಈಗ ಕ್ರಮದ ವಿಷಯ. ಮಕ್ಕಳು ಮಲಗಿದ ಮೇಲೆ ಒಂದು ರಾತ್ರಿ ನಾವಿಬ್ಬರೂ ಕೂತು, ಅಂಗಡಿಯಲ್ಲಿ ನಾನು ಬರೆಯುವಂತೆಯೇ, ಒಂದೇ ಪುಟದಲ್ಲಿ ಎಲ್ಲ ಸಾಲಗಳನ್ನು ಬರೆದೆವು. ಯಾರಿಗೆ, ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು, ಯಾವ ದಿನ ಕಟ್ಟಬೇಕು. ಗೃಹಸಾಲ, ಸೊಸೈಟಿಯ ಚಿನ್ನದ ಸಾಲ, ಕಾರ್ಡು, ನನ್ನ ಸ್ವಸಹಾಯ ಸಂಘದ ವಾರದ ಕಂತು, ಭಾವನ ಕೈಗಡ. ಪುಟದಲ್ಲಿ ಬರೆದ ಮೇಲೆ ಕಂಡದ್ದು ಇಷ್ಟು: ನಮ್ಮ ಕಾರ್ಡಿನ ಬಾಕಿ 60,000. ತಿಂಗಳಿಗೆ ಶೇ 3.5 ಬಡ್ಡಿ, ಅಂದರೆ 2,100. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 378. ಒಟ್ಟು 2,478. ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಕನಿಷ್ಠ ಪಾವತಿ ಶೇ 5, ಅಂದರೆ 3,000. ಅಷ್ಟು ಕಟ್ಟಿ ನಿಶ್ಚಿಂತೆಯಿಂದ ಇರುವವರ ಅಸಲಿನಲ್ಲಿ ಆ ತಿಂಗಳು ಕಡಿಮೆಯಾಗುವುದು 522 ರೂಪಾಯಿ. ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಸಿಗುವುದಿಲ್ಲ. ಅಷ್ಟೇ ಮೊತ್ತಕ್ಕೆ ನಮ್ಮ ಸೊಸೈಟಿಯ ಚಿನ್ನದ ಸಾಲಕ್ಕೆ ತಿಂಗಳಿಗೆ 600. ಭಾವನ ಹಣಕ್ಕೆ ಬಡ್ಡಿಯೇ ಇಲ್ಲ.

ಹೀಗಿರುವಾಗ ಮೊದಲ ಸಂಬಳ ಬಂದ ಕೂಡಲೇ ಭಾವನ ಹಣ ಕೊಟ್ಟು, ಬಳೆ ಬಿಡಿಸಿಕೊಂಡು, ಕಾರ್ಡಿಗೆ 3,000 ಹಾಕುತ್ತಾ ಹೋಗುವುದು ಯಾವ ನ್ಯಾಯ? ನಾವು ತದ್ವಿರುದ್ಧ ಮಾಡಿದೆವು. ಮನೆಯಲ್ಲಿ ಉಳಿದಿದ್ದ ಇನ್ನೆರಡು ಬಳೆಗಳನ್ನೂ ಸೊಸೈಟಿಯಲ್ಲಿಟ್ಟು ಕಾರ್ಡಿನ ಬಾಕಿ ಪೂರ್ತಿ ಕಟ್ಟಿದೆವು, ಕಾರ್ಡಿನ ಮಿತಿಯನ್ನೂ ಇಳಿಸಿಕೊಂಡೆವು. ತಿಂಗಳಿಗೆ 2,478 ಹೋಗುತ್ತಿದ್ದ ಜಾಗದಲ್ಲಿ ಈಗ 600 ಹೋಗುತ್ತದೆ. ಕಾರ್ಡನ್ನು ಮತ್ತೆ ತುಂಬಿಸುವ ಅಭ್ಯಾಸ ಇರುವವರು ದಯವಿಟ್ಟು ಹೀಗೆ ಮಾಡಬೇಡಿ, ಬಳೆಯೂ ಹೋಗುತ್ತದೆ, ಬಾಕಿಯೂ ಉಳಿಯುತ್ತದೆ.

ಅತ್ತೆಗೆ ಇದು ಹಿಡಿಸಲಿಲ್ಲ. ಮಗನಿಗೆ ಕೆಲಸ ಸಿಕ್ಕಿದ ಮೇಲೂ ಸೊಸೆ ಬಳೆ ಅಡವಿಡುವುದೇ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಪುಟವನ್ನು ಅವರ ಮುಂದಿಟ್ಟು, 2,478 ಮತ್ತು 600 ಎಂಬ ಎರಡು ಅಂಕಿಗಳನ್ನು ತೋರಿಸಿದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸು ಅವರು. ಸಾವಿರ ಬೀಡಿಗೆ ಎಷ್ಟು ಎಂಬ ಲೆಕ್ಕದಲ್ಲೇ ಜೀವನ ಕಳೆದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ಬಡ್ಡಿ ತೆಗೆದುಕೊಳ್ಳಲು ಕಾನೂನು ಬಿಡುತ್ತದೆಯೇ?" ಎಂದು ಕೇಳಿದರು. ಅಲ್ಲಿಗೆ ಬಳೆಯ ಮಾತು ಮುಗಿಯಿತು.

ಭಾವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಆದರೂ ಇಬ್ಬರೂ ಶಿರ್ವಕ್ಕೆ ಅವರ ಮನೆಗೇ ಹೋಗಿ ಹೇಳಿದೆವು: ಜನವರಿಯಿಂದ ತಿಂಗಳಿಗೆ ಇಷ್ಟು ಕೊಡುತ್ತೇವೆ, ಅದಕ್ಕೆ ಮೊದಲು ಆಗುವುದಿಲ್ಲ, ಕಾರಣ ಇದು. ಅವರು ಒಪ್ಪಿದರು. ಸಂಬಂಧ ಕೆಡುವುದು ತಡವಾಗಿ ಕೊಡುವುದರಿಂದ ಎಂದು ನಾವು ಭಾವಿಸುತ್ತೇವೆ. ಹೆಚ್ಚಾಗಿ ಅದು ಕೆಡುವುದು ಹೇಳದೆ ತಪ್ಪಿಸಿಕೊಂಡು ಓಡಾಡುವುದರಿಂದ. ಭಾವನಿಗೇ ಹಣದ ತುರ್ತಿದ್ದರೆ ನಾನು ಬಡ್ಡಿಯ ಲೆಕ್ಕವನ್ನು ಬದಿಗಿಟ್ಟು ಅವರದ್ದನ್ನೇ ಮೊದಲು ಕೊಡುತ್ತಿದ್ದೆ. ಸಂಘದ ಕಂತೂ ಹಾಗೆಯೇ, ನಾನು ತಪ್ಪಿದರೆ ಉಳಿದ ಹೆಂಗಸರು ಕಟ್ಟಬೇಕಾಗುತ್ತದೆ. ಅದು ಒಂದು ವಾರವೂ ತಪ್ಪುವಂತಿಲ್ಲ.

ಈ ಮಾತು ಕೆಲವರಿಗೆ ಕಹಿಯಾಗಬಹುದು, ಆದರೂ ಹೇಳಬೇಕು. ನಮ್ಮದು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯಿಂದ ಉಳಿಸಬಹುದೆಂದು ಮೀನು ಮಾರುವವರಿಗೂ ನೇಕಾರರಿಗೂ ತೋರಿಸಿಕೊಟ್ಟಿತು. ಆ ಪರಂಪರೆಯ ಬಗ್ಗೆ ನನಗೆ ಹೆಮ್ಮೆಯಿದೆ. ನಮ್ಮ ಅಂಗಡಿಗೆ ಇಂದಿಗೂ ಸಂಜೆ ಪಿಗ್ಮಿಯವರು ಬರುತ್ತಾರೆ. ಆದರೆ ಉಳಿತಾಯವನ್ನು ಇಷ್ಟು ಚೆನ್ನಾಗಿ ಕಲಿತ ನಾವು ಸಾಲದ ಲೆಕ್ಕವನ್ನು ಮನೆಯವರ ಎದುರು ಬಿಚ್ಚಿಡಲು ಕಲಿಯಲಿಲ್ಲ. ಶೇ 42ರ ಬಾಕಿ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಪಿಗ್ಮಿ, ಚೀಟಿ, ಚಿನ್ನದ ಸ್ಕೀಮು ಕಟ್ಟುತ್ತಾ "ಉಳಿಸುತ್ತಿದ್ದೇವೆ" ಎಂದುಕೊಳ್ಳುವ ಮನೆಗಳನ್ನು ನಾನು ದಿನವೂ ನೋಡುತ್ತೇನೆ. ಅದು ತೂತು ಕೊಡಪಾನಕ್ಕೆ ನೀರು ಸೇದಿದಂತೆ. ಒಂದೆರಡು ತಿಂಗಳ ಖರ್ಚಿನಷ್ಟು ತುರ್ತು ಹಣ ಖಂಡಿತ ಬೇಕು. ಅದರಾಚೆಗಿನ ಪ್ರತಿ ರೂಪಾಯಿ ದುಬಾರಿ ಸಾಲಕ್ಕೆ ಹೋಗಬೇಕು.

ಚಿನ್ನದ ದರ ಏರಿರುವುದರಿಂದ ಇನ್ನೊಂದು ಸೆಳೆತ ಹುಟ್ಟಿದೆ. ಹಿಂದೆ ಇಟ್ಟ ಅದೇ ಬಳೆಗೆ ಈಗ ಇನ್ನಷ್ಟು ಸಾಲ ಸಿಗುತ್ತದೆ, ನವೀಕರಿಸಲು ಹೋದಾಗ ಅವರೇ ಹೇಳುತ್ತಾರೆ. ಬಳೆಯ ಬೆಲೆ ಏರಿದೆ ಎಂದು ಬಡ್ಡಿ ಕಟ್ಟುವವರ ಸಂಬಳ ಏರುವುದಿಲ್ಲ. ಹೆಚ್ಚುವರಿ ಹಣ ಬೇಡ ಎಂದು ಹೇಳಿ ಬನ್ನಿ.

ಗೃಹಸಾಲ ಇರುವವರು ಒಂದು ಕೆಲಸ ಮಾಡಲೇಬೇಕು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಏರಿಳಿಯುವ) ದರದ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಜೋಡಣೆಯಾಗಿವೆ. 2025ರಲ್ಲಿ ರೆಪೊ ದರ ಶೇ 6.50ರಿಂದ 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್‌ಗಿಂತ ಹಿಂದಿನ ಸಾಲ ಇನ್ನೂ ಹಳೆಯ ಪದ್ಧತಿಯಲ್ಲೇ ಇದ್ದರೆ ಆ ಇಳಿಕೆ ನಿಮ್ಮನ್ನು ಪೂರ್ತಿಯಾಗಿ ಮುಟ್ಟಿರುವುದಿಲ್ಲ. ನಮ್ಮದು ಹಾಗೆಯೇ ಇತ್ತು. ಅರ್ಜಿ ಕೊಟ್ಟು ಸಣ್ಣ ಶುಲ್ಕ ಕಟ್ಟಿ ಬದಲಾಯಿಸಿಕೊಂಡೆವು. ಯಾರೂ ಕರೆದು ಹೇಳಲಿಲ್ಲ, ನಾವೇ ಹೋಗಿ ಕೇಳಬೇಕಾಯಿತು. ಗಲ್ಫ್‌ನಿಂದ ಮರಳಿದವರು ಅನಿವಾಸಿ ಖಾತೆಗಳನ್ನು ನಿವಾಸಿ ಖಾತೆಗಳಾಗಿ ಬದಲಾಯಿಸುವುದನ್ನೂ ಅದೇ ಭೇಟಿಯಲ್ಲಿ ಮುಗಿಸಿಕೊಳ್ಳಬಹುದು.

ಯಾರೂ ಕರೆಯುವುದಿಲ್ಲ ಎಂದೆ. ಸಾಲ ಕೊಡುವುದಕ್ಕಾದರೆ ಕರೆಯುತ್ತಾರೆ. ಮೊದಲ ಸಂಬಳ ಖಾತೆಗೆ ಬಿದ್ದ ವಾರದೊಳಗೆ ನಮ್ಮವರಿಗೆ ಮೂರು ಲಕ್ಷದ ವೈಯಕ್ತಿಕ ಸಾಲ "ಮಂಜೂರಾಗಿದೆ" ಎಂದು ಫೋನು ಬಂತು. ಪ್ರೊಬೇಷನ್ ಮುಗಿಯದ ಮನುಷ್ಯನಿಗೆ! ಕೆಲಸ ಕಾಯಂ ಆಗುವವರೆಗೆ ಹೊಸ ಸಾಲದ ಮಾತೇ ಬೇಡ ಎಂಬುದು ನಮ್ಮ ಮನೆಯ ತೀರ್ಮಾನ. ಅನಿವಾರ್ಯವಾಗಿ ತೆಗೆದುಕೊಳ್ಳಬೇಕಾದವರಿಗೆ ಒಂದು ಹಕ್ಕಿದೆ, ಅದನ್ನು ಬಳಸಿಕೊಳ್ಳಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಹೊಸ ವೈಯಕ್ತಿಕ ಸಾಲಕ್ಕೆ ಮೊದಲು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಎಲ್ಲ ಶುಲ್ಕಗಳನ್ನು ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಕೇಳಿ. ಕೊಡುವವರೆಗೆ ಸಹಿ ಹಾಕಬೇಡಿ.

ಇನ್ನು ಜಾಮೀನು. ನಮ್ಮ ಜಿಲ್ಲೆಗಳಲ್ಲಿ ಒಬ್ಬನಿಗೆ ಸಂಬಳದ ಕೆಲಸ ಸಿಕ್ಕಿತು ಎಂದರೆ ಆ ಸಂಬಳದ ಚೀಟಿಗೆ ಊರೆಲ್ಲ ಬೇಡಿಕೆ. ಸೊಸೈಟಿಯ ಸಾಲಕ್ಕೆ ಇಬ್ಬರ ಸಹಿ ಬೇಕು, ಅದರಲ್ಲಿ ಒಬ್ಬರು ಸಂಬಳದವರಾದರೆ ಒಳ್ಳೆಯದು. ಬಂದು ಕೇಳುವವರು "ಬರೀ ಒಂದು ಸಹಿ" ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನನ್ನು ಮೊದಲು ಕೇಳಿ ಆಮೇಲೆ ನಮ್ಮಲ್ಲಿಗೆ ಬರಬೇಕೆಂಬ ನಿಯಮವಿಲ್ಲ. ಆ ಸಹಿ ಹಾಕಿದರೆ ನಮ್ಮ ಪುಟದಲ್ಲಿ ಇನ್ನೊಂದು ಸಾಲ ಸೇರಿದಂತೆಯೇ.

ಜುಲೈಯಲ್ಲಿ ನಮ್ಮವರ ಬಾಲ್ಯದ ಗೆಳೆಯರೊಬ್ಬರು ಎರಡು ಲಕ್ಷಕ್ಕೆ ಜಾಮೀನು ಕೇಳಿಕೊಂಡು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಕಷ್ಟವೂ ನಿಜವಾದದ್ದು. ಸಹಿ ಹಾಕಲಾಗುವುದಿಲ್ಲ ಎಂದು ನಮ್ಮವರು ಅವರ ಮುಖ ನೋಡಿಯೇ ಹೇಳಿದರು. ಹೇಳಿ, ನಮ್ಮ ಪುಟವನ್ನು ತಂದು ತೋರಿಸಿದರು. ಗೆಳೆಯರು ಅದನ್ನು ಓದುತ್ತಾ ಓದುತ್ತಾ ತಮ್ಮ ಮನೆಯ ಕಾರ್ಡು, ತಮ್ಮ ಚೀಟಿ ಎಲ್ಲವನ್ನೂ ಹೇಳಲು ಶುರು ಮಾಡಿದರು. ಕಳೆದ ಭಾನುವಾರ ಪಾಸ್‌ಬುಕ್, ಬಿಲ್ಲುಗಳನ್ನೆಲ್ಲ ಚೀಲದಲ್ಲಿ ತಂದು, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಮಧ್ಯಾಹ್ನದವರೆಗೆ ನಾಲ್ವರೂ ಕೂತು ಬರೆದೆವು. ಎರಡು ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಡಿನ ಬಾಕಿಗೇ ಬೇಕಾಗಿತ್ತು ಎಂಬುದು ಅವರ ಹೆಂಡತಿಗೆ ಗೊತ್ತಾದದ್ದು ಆಗಲೇ. ಅವರ ಹಳೆಯ ಸೊಸೈಟಿ ಸಾಲದ ಬಡ್ಡಿ ನಿಜಕ್ಕೂ ಎಷ್ಟೆಂದು ಯಾರಿಗೂ ತಿಳಿದಿರಲಿಲ್ಲ, ಆ ಅಂಕಣ ಖಾಲಿಯಿದೆ. ಸೋಮವಾರ ಸೊಸೈಟಿಗೆ ಹೋಗಿ ಇಬ್ಬರೂ ಕೇಳಿಕೊಂಡು ಬರುತ್ತಾರೆ.