ಇಸ್ತ್ರಿ ಮೇಜಿನ ಜೊತೆ ಕುಸ್ತಿ: ಬ್ರಿಟಿಷ್ ಸ್ಟ್ಯಾಂಡ್-ಅಪ್‌ಗೆ ಕೋತಿಚೇಷ್ಟೆ ಬೇಕಾ?

ಪರ: ಅಮ್ಮ ನಕ್ಕ ರಾತ್ರಿ

ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮೂರು ವರ್ಷದ ಹಿಂದೆ ತೀರ್ಥಹಳ್ಳಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ನಮ್ಮ ಮನೆಗೆ ಬಂದಿದ್ದರು. ಒಂದು ಶುಕ್ರವಾರ ರಾತ್ರಿ ಅವರನ್ನು ಸ್ಟ್ಯಾಂಡ್-ಅಪ್ ಕಾಮಿಡಿ, ಅಂದರೆ ಒಬ್ಬರೇ ಮೈಕಿನ ಮುಂದೆ ನಿಂತು ನಗಿಸುವ ಆಟ, ನೋಡಲು ಕರೆದುಕೊಂಡು ಹೋದೆ. ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ, ಅಷ್ಟೇ. ಪಬ್ ಒಂದರ ಮಹಡಿಯಲ್ಲಿ ಚಿಕ್ಕ ಕೋಣೆ. ನಲವತ್ತು ಕುರ್ಚಿ, ಒಂದು ಮೈಕು. ಈ ದೇಶದ ಎಷ್ಟೋ ಕಾಮಿಡಿಯನ್‌ಗಳು ಕೆಲಸ ಕಲಿಯುವುದು ಇಂಥ ಕೋಣೆಗಳಲ್ಲೇ.

ಮೊದಲ ಇಬ್ಬರು ಮಾತಿನ ಮಲ್ಲರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ನನ್ನ ಮುಖ ನೋಡಿಕೊಂಡು, ನಾನು ನಕ್ಕಾಗ ಸುಮ್ನೆ ತಾವೂ ನಗುತ್ತಿದ್ದರು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಮೂರನೆಯವನು ಸೂಟು, ಟೈ ಹಾಕಿಕೊಂಡು, ಇಸ್ತ್ರಿ ಮಾಡುವ ಮಡಚು ಮೇಜನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಬಿಡಿಸಲು ಹೋದ. ಅದರ ಕಾಲು ಕಿರ್ ಎಂದು ಅರ್ಧಕ್ಕೇ ನಿಂತಿತು. ಮಂಡಿಯೂರಿ ಒತ್ತಿದ, ಟೈ ಸಿಕ್ಕಿಕೊಂಡಿತು. ಟೈ ಬಿಡಿಸಲು ಬಗ್ಗಿದ, ಮೇಜು ಧಡಕ್ಕನೆ ಬೆನ್ನ ಮೇಲೆ ಕೂತಿತು. ಈಗ ಅವನು ಆಮೆ. ಹಾಗೇ ತೆವಳಿಕೊಂಡು ಮೈಕಿನ ಹತ್ತಿರ ಬಂದು, ಏನೂ ಆಗಿಯೇ ಇಲ್ಲ ಎನ್ನುವಂತೆ "ಗುಡ್ ಈವ್ನಿಂಗ್" ಎಂದ.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಕಣ್ಣಲ್ಲಿ ನೀರು. ಯಾಕೆ ಗೊತ್ತಾ? ಅವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿದ್ದ ಅಂಥದ್ದೇ ಮೇಜಿನ ಜೊತೆ ಅವರೂ ಜಗಳ ಆಡಿದ್ದರು. ಬೆರಳು ಸಿಕ್ಕಿಸಿಕೊಂಡು, "ಈ ದೇಶದಲ್ಲಿ ಒಂದು ಮೇಜು ಬಿಡಿಸೋಕೂ ನಂಗೆ ಬರಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು. ರಾತ್ರಿ ಬಸ್ಸಿನಲ್ಲಿ ಹೇಳಿದರು: "ಇಲ್ಲೇ ಹುಟ್ಟಿದೋನಿಗೂ ಬರಲ್ಲ ನೋಡೇ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಆಟದ ಹಾಸ್ಯಗಾರನ ಥರಾನೇ ಅಲ್ವಾ?" ಎಂದರು. ಯಕ್ಷಗಾನ ನೋಡಿ ಬೆಳೆದ ಜೀವ. ಗಂಭೀರ ಮುಖ ಇಟ್ಟುಕೊಂಡೇ ಬೀಳುವವನ ಬೆಲೆ ಅವರಿಗೆ ಗೊತ್ತು.

ಇದನ್ನು ಅಗ್ಗದ ನಗು ಎನ್ನುತ್ತಾರಲ್ಲ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬ್ರಿಟನ್ನಿನ ಸ್ಟ್ಯಾಂಡ್-ಅಪ್‌ನ ಬೇರು ಹಾಡು, ಕುಣಿತ, ಹಾಸ್ಯ ಎಲ್ಲ ನಡೆಯುತ್ತಿದ್ದ ಹಳೆಯ ಮ್ಯೂಸಿಕ್ ಹಾಲ್‌ಗಳಲ್ಲಿದೆ. ಅಲ್ಲಿ ಲಿಟ್ಲ್ ಟಿಚ್ ಎಂಬ ಕಲಾವಿದ ಇದ್ದ. ಎತ್ತರ ಬರೀ ನಾಲ್ಕೂವರೆ ಅಡಿ. ಕಾಲಿಗೆ 28 ಇಂಚು ಉದ್ದದ ಚಪ್ಪಟೆ ಬೂಟು. ಅದನ್ನು ಹಾಕಿಕೊಂಡು ಮುಂದಕ್ಕೆ ವಾಲುತ್ತಿದ್ದ, ಇನ್ನೇನು ಮೂಗು ನೆಲಕ್ಕೆ ತಾಗುತ್ತದೆ ಎನ್ನುವಷ್ಟು. ಆಮೇಲೆ ಆ ಬೂಟುಗಳ ತುದಿಯ ಮೇಲೆ ಎದ್ದು ನಿಲ್ಲುತ್ತಿದ್ದ. ಎಲ್ಲರಿಗಿಂತ ಗಿಡ್ಡನೆಯವನು ಒಂದೇ ಕ್ಷಣದಲ್ಲಿ ಎಲ್ಲರಿಗಿಂತ ಎತ್ತರ! ಎಷ್ಟು ಮಾತು ಕಟ್ಟಿದರೆ ಅಷ್ಟನ್ನು ಹೇಳಬಹುದು, ನೀವೇ ಹೇಳಿ.

ಲೀ ಇವಾನ್ಸ್‌ರನ್ನೇ ನೋಡಿ. 1993ರಲ್ಲಿ ಎಡಿನ್‌ಬರೋದಲ್ಲಿ ಪೆರಿಯರ್ ಎಂಬ ಕಾಮಿಡಿ ಪ್ರಶಸ್ತಿ ಗೆದ್ದವರು. ರಬ್ಬರಿನಂಥ ಮೈ. ಸೂಟೆಲ್ಲ ಬೆವರಿನಲ್ಲಿ ತೊಯ್ದು ಮುದ್ದೆಯಾಗುವವರೆಗೂ ಕುಣಿಯುತ್ತಿದ್ದರು. 2005ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಜನ ಕೂತು ಅವರೊಬ್ಬರನ್ನು ನೋಡಿದರು. 'ಟಾಸ್ಕ್‌ಮಾಸ್ಟರ್' ಕೂಡ ಅದೇ ಜಾತಿ: ಕಾಮಿಡಿಯನ್‌ಗಳಿಗೆ ವಿಚಿತ್ರ ಕೆಲಸ ಕೊಟ್ಟು ಮಾಡಿಸುವ ಟಿವಿ ಶೋ. 2015ರಲ್ಲಿ ಟಿವಿಗೆ ಬಂದ ಮೊದಲ ಕಂತಿನಲ್ಲೇ, ಒಂದು ನಿಮಿಷದಲ್ಲಿ ಆದಷ್ಟು ಕಲ್ಲಂಗಡಿ ತಿನ್ನಬೇಕಿತ್ತು. ಒಂದು ಕಾಲದಲ್ಲಿ ಗಣಿತ ಮೇಷ್ಟ್ರಾಗಿದ್ದ ರೋಮೇಶ್ ರಂಗನಾಥನ್ ಹಣ್ಣನ್ನು ಎತ್ತಿ ನೆಲಕ್ಕೆ ಅಪ್ಪಳಿಸಿಬಿಟ್ಟರು. ಬರೆದು ತಂದ ಯಾವ ಜೋಕೂ ಆ ಗಳಿಗೆಗೆ ಸಮವಲ್ಲ.

ಪೆಟ್ಟಾಗುತ್ತದೆ ಎನ್ನುತ್ತಾರೆ. ಕಬಡ್ಡಿಯಲ್ಲೂ ಆಗುತ್ತದೆ. ವಿರೋಧಿಸುವವರಿಗೆ ನಗುವ ಮುಂಚೆ ಪುಸ್ತಕ ಓದಿರಬೇಕು, ಪೇಪರ್ ಓದಿರಬೇಕು. ನಮ್ಮಮ್ಮನಂಥವರು ಅವರ ಲೆಕ್ಕದಲ್ಲೇ ಇಲ್ಲ. ಮುಂದಿನ ಸಲ ಅಮ್ಮ ಬಂದಾಗ ಮೊದಲು ಇಂಥದ್ದೇ ಶೋ ಹುಡುಕುತ್ತೇನೆ.

ವಿರೋಧ: ನೋವು ಯಾವುದು, ಆಟ ಯಾವುದು?

ವಿರೋಧದ ಕಡೆ ಬರೆಯಿರಿ ಎಂದರು, ಒಪ್ಪಿಕೊಂಡೆ. ಮೈ ಕುಣಿಸುವ ಹಾಸ್ಯವನ್ನು ಪೂರ್ತಿ ತಳ್ಳಿಹಾಕುವವನಲ್ಲ ನಾನು. ಬ್ರಿಟನ್ನಿನ ಹಾಸ್ಯಗಾರ ಟಾಮಿ ಕೂಪರ್‌ರ ಹಳೆಯ ವಿಡಿಯೊಗಳನ್ನು ಈಗಲೂ ನೋಡುತ್ತೇನೆ. ಆರಡಿ ದಾಟಿದ ದೇಹ, ತಲೆಯ ಮೇಲೆ ಕೆಂಪು ಟೋಪಿ, ಬೇಕೆಂದೇ ಕೆಡಿಸುವ ಜಾದೂ. ಆದರೆ ನನ್ನ ತಕರಾರು ಶುರುವಾಗುವುದೂ ಅವರಿಂದಲೇ.

1984ರ ಏಪ್ರಿಲ್ 15. ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರ್‌ನಿಂದ ಟಿವಿಯಲ್ಲಿ ನೇರ ಪ್ರಸಾರ. ಆಟದ ನಡುವೆ ಕೂಪರ್ ಪರದೆಗೆ ಒರಗಿಕೊಂಡು ಹಾಗೇ ಕುಸಿದರು. ಹೃದಯಾಘಾತ. ಜನ ನಕ್ಕರು. ಇನ್ನೂ ನಕ್ಕರು. ಜೀವನವಿಡೀ ಎಡವಿ ನಗಿಸಿದ ಮನುಷ್ಯ ನಿಜವಾಗಿ ಬಿದ್ದಾಗ, ಅದು ನಿಜವೆಂದು ಯಾರಿಗೂ ಹೊಳೆಯಲಿಲ್ಲ. ಪರದೆ ಎಳೆದರು. ಅವರು ಅದರ ಹಿಂದಿದ್ದಾಗಲೇ ಮುಂದಿನ ಕಲಾವಿದರು ಪರದೆಯ ಮುಂದೆ ನಿಂತು ಕಾರ್ಯಕ್ರಮ ನಡೆಸಿದರು. ಆ ಜನರನ್ನು ನಾನು ದೂರುವುದಿಲ್ಲ. ನಾನಿದ್ದರೂ ನಗುತ್ತಿದ್ದೆ. ನನಗೆ ಭಯ ಹುಟ್ಟಿಸುವುದು ಅದೇ.

ಭಾಷೆ ಬಾರದವರಿಗೂ ಅರ್ಥವಾಗುತ್ತದೆ ಎನ್ನುವುದು ಪರ ಬರೆದವರ ಮುಖ್ಯ ವಾದ. ಹಾಗೆ ನೋಡಿದರೆ ಬಾಳೆಹಣ್ಣಿನ ಸಿಪ್ಪೆ ಸಾಕು, ಸ್ಟ್ಯಾಂಡ್-ಅಪ್ ಯಾಕೆ ಬೇಕು? ಐರ್ಲೆಂಡಿನ ಹಾಸ್ಯಗಾರ ಡೇವ್ ಆಲೆನ್ ಬ್ರಿಟನ್ನಿನ ಟಿವಿಯಲ್ಲಿ ಒಂದು ಎತ್ತರದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಗ್ಲಾಸು ಹಿಡಿದು, ಚರ್ಚಿನ ಬಗ್ಗೆ ನಿಧಾನವಾಗಿ ಕತೆ ಹೇಳುತ್ತಿದ್ದರು. ಕೂತ ಜಾಗದಿಂದ ಏಳದೆ ಪಾದ್ರಿಗಳನ್ನು ನಡುಗಿಸುತ್ತಿದ್ದರು. ಆ ಕೆಲಸ ಮಾತಿಗೇ ಸಾಧ್ಯ.

ಇನ್ನೊಂದು ಮಾತು ಹೇಳಲೇಬೇಕು. ಇಂಥ ಸಾಹಸ ವೇದಿಕೆಯ ಮೇಲೇ ಉಳಿಯುವುದಿಲ್ಲ. ಎಡಿನ್‌ಬರೋ ಫ್ರಿಂಜ್ ಎಂಬ ಕಲಾ ಉತ್ಸವದಲ್ಲಿ ಒಂದು ನೆಲಮಾಳಿಗೆಯ ಶೋಗೆ ಹೋಗಿದ್ದೆ. ಮುಂದಿನ ಸಾಲು. ಕಲಾವಿದ ಬಂದು ನನ್ನ ಕೈ ಹಿಡಿದು ಎಳೆದ. ಬೇಡ ಎಂದೆ. ಅರವತ್ತು ಜನ ಚಪ್ಪಾಳೆ ತಟ್ಟಿದರು. ಅವನನ್ನು ಬೆನ್ನ ಮೇಲೆ ಹೊತ್ತು ಮೂರು ಸುತ್ತು ಹಾಕಬೇಕಿತ್ತು. ನನಗೆ ಮೊದಲೇ ಸೊಂಟನೋವು. ಹೇಳಿದೆ, ಅದಕ್ಕೂ ನಕ್ಕರು. ಎರಡನೇ ಸುತ್ತಿನಲ್ಲಿ ಸೊಂಟ ಹಿಡಿದುಕೊಂಡಿತು. ಗೋಡೆಗೆ ಕೈ ಕೊಟ್ಟು ನಿಂತೆ. ನನ್ನ ಮುಖ ಕಿವುಚಿದ್ದನ್ನು ನೋಡಿ ಆ ಸಂಜೆಯ ಅತಿ ದೊಡ್ಡ ನಗು ಬಂತು. ಪಕ್ಕದ ಕುರ್ಚಿಯ ಹೆಂಗಸೊಬ್ಬರು ಮಾತ್ರ ನಗಲಿಲ್ಲ. ಎದ್ದು ಬಂದು ತಮ್ಮ ನೀರಿನ ಬಾಟಲಿ ಕೊಟ್ಟರು.