ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಮಕ್ಕಳಿಗೆ ಮನೆಯ ಲೆಕ್ಕ ಹೇಳಿ

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮಾತೊಂದಿದೆ: "ನೀನು ಚೆನ್ನಾಗಿ ಓದು, ದುಡ್ಡಿನ ಯೋಚನೆ ನಮಗೆ ಬಿಡು." ನಮ್ಮ ಅಪ್ಪ ಅಮ್ಮ ನಮಗೆ ಹೇಳಿದ್ದೂ ಇದನ್ನೇ. ಆಗ ಅದು ನಡೀತಿತ್ತು. ಸಿಇಟಿಯಲ್ಲಿ ಸೀಟು ಸಿಕ್ಕರೆ ಫೀಸು ಎಷ್ಟು ಅಂತ ಮೊದಲೇ ಗೊತ್ತಿರುತ್ತಿತ್ತು, ಎಲ್ಲರಿಗೂ ಹೆಚ್ಚುಕಮ್ಮಿ ಅಷ್ಟೇ, ಹೇಗೋ ಹೊಂದಿಸುತ್ತಿದ್ದರು.

ಇಲ್ಲಿ ಹಾಗಲ್ಲ. ಒಂದೇ ಹೈಸ್ಕೂಲಿನ ನಾಲ್ಕು ಮಕ್ಕಳು ಒಂದೇ ಕಾಲೇಜಿಗೆ ಹೋದರೂ ನಾಲ್ವರೂ ಬೇರೆ ಬೇರೆ ಮೊತ್ತ ಕಟ್ಟುತ್ತಾರೆ. ಎಷ್ಟೋ ಕಾಲೇಜುಗಳ ವಿಷಯದಲ್ಲಿ ನಮ್ಮ ಪಾಲಿಗೆ ಬರುವುದು ಎಷ್ಟು ಅಂತ ಖಚಿತವಾಗಿ ಗೊತ್ತಾಗುವುದು ಮಾರ್ಚ್ ಕೊನೆಗೆ. ಮೇ 1ರೊಳಗೆ ಒಂದು ಕಾಲೇಜಿಗೆ ಹೂಂ ಅನ್ನಬೇಕು. ಅಲ್ಲೀತನಕ ಆ ಮಗು ಪ್ರಬಂಧ ಬರೆದಿರುತ್ತೆ, ಕ್ಯಾಂಪಸ್ ನೋಡಿ ಬಂದಿರುತ್ತೆ, ಆ ಕಾಲೇಜಿನ ಹೆಸರಿರುವ ಸ್ವೆಟ್‌ಶರ್ಟ್ ಹಾಕಿಕೊಂಡು ಓಡಾಡಿರುತ್ತೆ. ಆಮೇಲೆ ಏಪ್ರಿಲ್‌ನಲ್ಲಿ ನಾವು ಕೂರಿಸಿಕೊಂಡು "ಆಗಲ್ಲ ಕಣೋ" ಅನ್ನುತ್ತೇವೆ. ಹದಿನೇಳು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋರುವುದಿಲ್ಲ. ಹೇಳಬೇಕಾದ್ದು ಹನ್ನೊಂದನೇ ಕ್ಲಾಸಿನಲ್ಲಿ, ಅದೂ ಅಂಕಿಯಲ್ಲಿ. "ನೋಡೋಣ", "ಸ್ಕಾಲರ್‌ಶಿಪ್ ಬಂದರೆ ಕಳಿಸೋಣ" ಅಂದರೆ ಹೇಳಿದ ಹಾಗಲ್ಲ. "ವರ್ಷಕ್ಕೆ ನಾವು ಇಷ್ಟು ಕೊಡಬಲ್ಲೆವು, ನಾಲ್ಕು ವರ್ಷಕ್ಕೆ ಇಷ್ಟು, ತಮ್ಮನಿಗೂ ಇಷ್ಟೇ ಎತ್ತಿಟ್ಟಿದ್ದೇವೆ" ಅನ್ನಬೇಕು.

ಔಟ್-ಆಫ್-ಸ್ಟೇಟ್, ಅಂದರೆ ಬೇರೆ ರಾಜ್ಯದ ಕಾಲೇಜು, ಅನ್ನುವ ಪ್ರಶ್ನೆ ಬಂದಾಗಂತೂ ಇದು ಇನ್ನೂ ಮುಖ್ಯ. ಎಸ್ಎಟಿ ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಲೆಕ್ಕದಂತೆ 2024-25ರಲ್ಲಿ ನಾಲ್ಕು ವರ್ಷದ ಸರ್ಕಾರಿ ಕಾಲೇಜುಗಳ ಟ್ಯೂಷನ್ (ಪಾಠದ ಶುಲ್ಕ) ಮತ್ತು ಫೀಸು, ಅದೇ ರಾಜ್ಯದವರಿಗೆ ಸರಾಸರಿ 11,610 ಡಾಲರ್. ಹೊರ ರಾಜ್ಯದವರಿಗೆ 30,780. ಊಟ ವಸತಿ ಇದರಲ್ಲಿ ಸೇರಿಲ್ಲ. ರಾಜ್ಯದ ಗಡಿ ದಾಟಿದ್ದಕ್ಕೇ ವರ್ಷಕ್ಕೆ 19 ಸಾವಿರ ಹೆಚ್ಚು. ಈ ಕಂದರವನ್ನು ಸ್ಕಾಲರ್‌ಶಿಪ್ ಮುಚ್ಚುತ್ತದೆ ಅಂತ ನಾವೆಲ್ಲ ನಂಬಿಕೊಂಡಿರುತ್ತೇವೆ. ಕೆಲವು ಸಲ ಮುಚ್ಚುತ್ತದೆ. ಬಹಳ ಸಲ ಮುಚ್ಚಿದ ಹಾಗೆ ಕಾಣುತ್ತದೆ, ಅಷ್ಟೇ.

ನಮ್ಮ ಮಗಳಿಗೆ ಬಂದ ಪತ್ರವೊಂದನ್ನೇ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ದಪ್ಪ ಫೋಲ್ಡರು, ಮೇಲೆ ಅವಳ ಹೆಸರು ಹೊಳೆಯುವ ಅಕ್ಷರದಲ್ಲಿ. "ಅಮ್ಮಾ, ಎಂಬತ್ತೆಂಟು ಸಾವಿರ ಕೊಟ್ಟಿದಾರೆ!" ಅಂತ ಕುಣಿದಾಡಿದಳು. ನಿಜವಾಗಿ ಖುಷಿಯ ವಿಷಯವೇ, ಅವಳು ಓದಿ ಸಂಪಾದಿಸಿದ್ದು. ಅವತ್ತು ಪಾಯಸ ಮಾಡಿದೆ. ಊಟ ಆದಮೇಲೆ ಟೇಬಲ್ ಒರೆಸಿ, ಒಂದು ಹಾಳೆ ತಗೊಂಡು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

ವರ್ಷದ ಒಟ್ಟು ವೆಚ್ಚ 58,000. ಸ್ಕಾಲರ್‌ಶಿಪ್ ವರ್ಷಕ್ಕೆ 22,000, ನಾಲ್ಕು ವರ್ಷಕ್ಕೆ ಆ 88,000. ಅದರ ಕೆಳಗೇ, ಅದೇ ಅಕ್ಷರದಲ್ಲಿ, ಸರ್ಕಾರದ ವಿದ್ಯಾರ್ಥಿ ಸಾಲ 5,500. ಅದರ ಕೆಳಗೆ ವರ್ಕ್-ಸ್ಟಡಿ 2,500. ಎಲ್ಲ ಕೂಡಿಸಿ "ನಿಮಗೆ ಸಿಕ್ಕ ನೆರವು 30,000" ಅಂತ ಬರೆದು, ಕೊನೆಯಲ್ಲಿ "ಉಳಿದದ್ದು 28,000". ನಮ್ಮ ನಾರ್ತ್ ಕ್ಯಾರೊಲಿನಾದ ಸರ್ಕಾರಿ ಯೂನಿವರ್ಸಿಟಿಯ ಒಟ್ಟು ವೆಚ್ಚವೂ ಸುಮಾರು 28,000. "ಎರಡೂ ಒಂದೇ ಅಲ್ವಾ ಅಮ್ಮ?" ಅಂದಳು. ಅಲ್ಲ. ಸಾಲ ನೆರವಲ್ಲ, ಅವಳೇ ಬಡ್ಡಿ ಸಮೇತ ತೀರಿಸಬೇಕಾದ ದುಡ್ಡು. ವರ್ಕ್-ಸ್ಟಡಿ ಅಂದರೆ ಅವಳು ಕೆಲಸ ಹುಡುಕಿಕೊಂಡು, ದುಡಿದು, ಆಮೇಲೆ ಕೈಗೆ ಬರುವ ಸಂಬಳ. ಫೀಸು ಕಟ್ಟುವ ದಿನ ಅದು ಇರುವುದಿಲ್ಲ. ಎರಡನ್ನೂ ಹೊಡೆದುಹಾಕಿದರೆ ನಿಜವಾದ ವೆಚ್ಚ ವರ್ಷಕ್ಕೆ 36,000.

ಮುಂದಿನದು ಇನ್ನೂ ಮುಖ್ಯ. ವೆಚ್ಚ ವರ್ಷ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಏರುವುದಿಲ್ಲ. ವರ್ಷಕ್ಕೆ 4 ಪರ್ಸೆಂಟ್ ಏರಿತು ಅಂತ ಇಟ್ಟುಕೊಂಡರೆ ನಾಲ್ಕನೇ ವರ್ಷ ಒಟ್ಟು ವೆಚ್ಚ 65 ಸಾವಿರ ದಾಟುತ್ತದೆ; 22 ಸಾವಿರ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕೂ ವರ್ಷ ಸೇರಿ ನಾವು ಕೊಡುವುದು ಸುಮಾರು ಒಂದು ಲಕ್ಷ 58 ಸಾವಿರ ಡಾಲರ್. ಇಲ್ಲಿನ ಯೂನಿವರ್ಸಿಟಿಗೂ ಅದೇ 4 ಪರ್ಸೆಂಟ್ ಹಾಕಿದರೆ ಒಂದು ಲಕ್ಷ 19 ಸಾವಿರ. ನಿಜ ಹೇಳಬೇಕೆಂದರೆ ಅಷ್ಟೂ ಏರುವುದಿಲ್ಲ, ಏಕೆಂದರೆ 2016ರಲ್ಲಿ ಆದ ಕಾನೂನಿನಂತೆ ನಮ್ಮ ರಾಜ್ಯದ ಮಕ್ಕಳಿಗೆ ಸತತ ಎಂಟು ಸೆಮಿಸ್ಟರ್ ಟ್ಯೂಷನ್ ಏರಿಸುವಂತಿಲ್ಲ. 88 ಸಾವಿರ ಸ್ಕಾಲರ್‌ಶಿಪ್ ಕೊಟ್ಟ ಕಾಲೇಜು ಒಂದು ಪೈಸೆಯೂ ಕೊಡದ ಕಾಲೇಜಿಗಿಂತ 39 ಸಾವಿರ ದುಬಾರಿ! ಮಗಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಮತ್ತೊಮ್ಮೆ ಕೂಡಿಸಿ ನೋಡಿದಳು. ಅಪ್ಪನ ಆದಾಯ, ನಮ್ಮ ಸಾಲ, ಅವಳ ಕಾಲೇಜಿಗೆಂದು ಕೂಡಿಡುವ 529 ಖಾತೆಯಲ್ಲಿ ಎಷ್ಟಿದೆ ಅನ್ನುವುದೆಲ್ಲ ಅವಳಿಗೆ ಹಿಂದಿನ ವರ್ಷದಿಂದಲೇ ಗೊತ್ತಿತ್ತು. ಹಾಗಾಗಿ ಅಳು, ಜಗಳ ಏನೂ ಆಗಲಿಲ್ಲ. ಬೇಜಾರು ಪಟ್ಟುಕೊಂಡಳು, ಅದು ಸಹಜ.

ನಮ್ಮ ಮನೆಯ ಪತ್ರವೊಂದೇ ಹೀಗೆ ಅಂದುಕೊಳ್ಳಬೇಡಿ. ಅಮೆರಿಕ ಸಂಸತ್ತಿನ ಪರವಾಗಿ ಲೆಕ್ಕ ತನಿಖೆ ಮಾಡುವ ಜಿಎಒ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಸುಮಾರು ನೂರಕ್ಕೆ 91 ಕಾಲೇಜುಗಳು ತಮ್ಮ ಪತ್ರದಲ್ಲಿ ನಿವ್ವಳ ವೆಚ್ಚವನ್ನು ಹೇಳುವುದೇ ಇಲ್ಲ ಅಥವಾ ಕಮ್ಮಿ ಮಾಡಿ ತೋರಿಸುತ್ತವೆ. ಆದ್ದರಿಂದ ಪತ್ರದ ಕೊನೇ ಸಾಲು ನಂಬಬೇಡಿ. ಒಟ್ಟು ವೆಚ್ಚದಿಂದ ಸ್ಕಾಲರ್‌ಶಿಪ್ ಮತ್ತು ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ನೆರವು) ಮಾತ್ರ ಕಳೆಯಿರಿ.

ಸ್ಕಾಲರ್‌ಶಿಪ್‌ನ ಷರತ್ತನ್ನು ಅಂಕಿಗಿಂತ ಮೊದಲು ಓದಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರತಿ ವರ್ಷ ಇಷ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡು) ಇರಬೇಕು ಅಂತ ಬರೆದಿರುತ್ತದೆ. 3.0 ಅಂದರೆ ಹೈಸ್ಕೂಲಿನಲ್ಲಿ ಬರೀ ಎ ತೆಗೆದ ಮಗುವಿಗೆ ಏನೂ ಅಲ್ಲ ಅನಿಸುತ್ತದೆ. ಎಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸು, ಕ್ಯಾಲ್ಕುಲಸ್, ಕೆಮಿಸ್ಟ್ರಿ ಒಟ್ಟಿಗೆ ಬಂದಾಗ ಅದೇ 3.0 ಗುಡ್ಡ ಹತ್ತಿದ ಹಾಗಾಗುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ವರ್ಷದ ಕೊನೆಗೆ ಸ್ಕಾಲರ್‌ಶಿಪ್ ತಪ್ಪಿದ್ದರೆ ಉಳಿದ ಮೂರು ವರ್ಷಕ್ಕೆ 66 ಸಾವಿರ ಹೊಸದಾಗಿ ಹುಡುಕಬೇಕಿತ್ತು. ಆಫೀಸಿಗೆ ಫೋನ್ ಮಾಡಿ ಕೇಳಿ: ಒಂದು ಸೆಮಿಸ್ಟರ್ ಕಮ್ಮಿಯಾದರೆ ಸರಿಪಡಿಸಿಕೊಳ್ಳಲು ಅವಕಾಶ ಇದೆಯಾ? ಮೇಜರ್ (ಮುಖ್ಯ ವಿಷಯ) ಬದಲಿಸಿದರೆ ಉಳಿಯುತ್ತದಾ? ಒಂದು ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಹೋದರೆ? ಹೊರಗಿನಿಂದ, ಉದಾಹರಣೆಗೆ ಯಾವುದೋ ಸಂಘ ಸಂಸ್ಥೆಯಿಂದ ಬೇರೆ ಸ್ಕಾಲರ್‌ಶಿಪ್ ತಂದರೆ ನಿಮ್ಮದನ್ನು ಅಷ್ಟು ಕಮ್ಮಿ ಮಾಡುತ್ತೀರಾ? ಬಹಳ ಕಾಲೇಜುಗಳು ಕಮ್ಮಿ ಮಾಡುತ್ತವೆ. ಹೀಗೆ ಮಾಡುವುದಕ್ಕೆ ಕಾನೂನಿನ ಕಡಿವಾಣ ಹಾಕಿದ ಮೊದಲ ರಾಜ್ಯ ಮೇರಿಲ್ಯಾಂಡ್, 2017ರಲ್ಲಿ. ಇನ್ನೊಂದು: ಸ್ಕಾಲರ್‌ಶಿಪ್‌ನಲ್ಲಿ ಊಟ ವಸತಿಗೆ ಹೋಗುವ ಭಾಗದ ಮೇಲೆ ಆದಾಯ ತೆರಿಗೆ ಬರುತ್ತದೆ, ಟ್ಯೂಷನ್ ಭಾಗಕ್ಕೆ ಬರುವುದಿಲ್ಲ.

ಹಾಗಂತ ಹೊರ ರಾಜ್ಯ ಬೇಡವೇ ಬೇಡ ಅನ್ನುವವಳು ನಾನಲ್ಲ. ಇನ್-ಸ್ಟೇಟ್‌ (ಅದೇ ರಾಜ್ಯದವರ) ದರದಲ್ಲೋ ಅದಕ್ಕೆ ಹತ್ತಿರದಲ್ಲೋ ಹೊರಗೆ ಓದುವ ದಾರಿಗಳೂ ಇವೆ, ನಮ್ಮವರು ಅವನ್ನು ನೋಡುವುದು ಕಮ್ಮಿ. ಅಲಬಾಮಾ ಯೂನಿವರ್ಸಿಟಿ ಜಿಪಿಎ ಮತ್ತು ಎಸ್ಎಟಿ ಅಥವಾ ಎಸಿಟಿ ಅಂಕ ನೋಡಿ ತಾನಾಗಿಯೇ ಸ್ಕಾಲರ್‌ಶಿಪ್ ಕೊಡುತ್ತದೆ, ಯಾವ ಅಂಕಕ್ಕೆ ಎಷ್ಟು ಅನ್ನುವುದು ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಹಾಗಾಗಿಯೇ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊರ ರಾಜ್ಯದವರು. ಪಶ್ಚಿಮದ ರಾಜ್ಯಗಳಲ್ಲಿರುವವರಿಗೆ ಡಬ್ಲ್ಯುಯುಇ ಅನ್ನುವ ಒಪ್ಪಂದವಿದೆ: ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಇನ್-ಸ್ಟೇಟ್ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ತಗೊಳ್ಳುವಂತಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ. ನಿಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಇಲ್ಲದ ಕೋರ್ಸನ್ನು ಬೇರೆ ರಾಜ್ಯದಲ್ಲಿ ಇನ್-ಸ್ಟೇಟ್ ದರಕ್ಕೆ ಓದಬಹುದು. ಟೆಕ್ಸಾಸಿನ ಸರ್ಕಾರಿ ಕಾಲೇಜುಗಳಲ್ಲಿ ಸ್ಪರ್ಧೆಯಲ್ಲಿ ಗೆದ್ದ ಸ್ಕಾಲರ್‌ಶಿಪ್ 1,000 ಡಾಲರ್‌ನದಾದರೂ ಸಾಕು, ಅದರ ಜೊತೆಗೆ ಇನ್-ಸ್ಟೇಟ್ ದರ ಕೊಡಲು ಅಲ್ಲಿನ ಕಾನೂನಿನಲ್ಲಿ ಜಾಗವಿದೆ. ಅಂಥ ಕಡೆ 1,000 ಡಾಲರ್ ಸ್ಕಾಲರ್‌ಶಿಪ್ ಬೇರೆ ಕಡೆಯ 15,000ಕ್ಕಿಂತ ದೊಡ್ಡದು!

ಖಾಸಗಿ ಕಾಲೇಜಿನ ಬೆಲೆ ನೋಡಿ ಗಾಬರಿಯಾಗಿ ಬಿಟ್ಟುಬಿಡುವವರಿಗೂ ಒಂದು ಮಾತು. ಹಾರ್ವರ್ಡ್‌ನಂಥ ಹಳೆಯ ಖಾಸಗಿ ಯೂನಿವರ್ಸಿಟಿಗಳ ಗುಂಪಾದ ಐವಿ ಲೀಗ್‌ನವರು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಕುಟುಂಬದ ಆದಾಯ ನೋಡಿ ಕೊಡುತ್ತಾರೆ. ವರ್ಷಕ್ಕೆ ಎರಡು ಲಕ್ಷ ಡಾಲರ್‌ವರೆಗೆ ಆದಾಯ ಇರುವ ಸಾಮಾನ್ಯ ಆಸ್ತಿಯ ಕುಟುಂಬಗಳಿಗೆ ಹಾರ್ವರ್ಡ್ 2025-26ರಿಂದ ಟ್ಯೂಷನ್ ಶುಲ್ಕ ತಗೊಳ್ಳುವುದಿಲ್ಲ, ಎಂಐಟಿಯೂ ಅಷ್ಟೇ. ಸೀಟು ಸಿಗುವುದು ಕಷ್ಟ, ಆ ವಿಷಯ ಬೇರೆ. ಆದರೆ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನಮ್ಮ ಪಾಲಿಗೆ ಬರುವ ವೆಚ್ಚ ಅಂದಾಜಿಸುವ ಸಾಧನ) ಇರಲೇಬೇಕು ಅಂತ 2011ರಿಂದ ಕಾನೂನೇ ಇದೆ. ಟ್ಯಾಕ್ಸ್ ರಿಟರ್ನ್ ಮುಂದಿಟ್ಟುಕೊಂಡು ಅದನ್ನು ತುಂಬಿದರೆ, ಅರ್ಜಿ ಹಾಕುವ ಮೊದಲೇ ಅಂದಾಜು ಸಿಗುತ್ತದೆ. ಅರ್ಲಿ ಡಿಸಿಷನ್‌ಗೆ ಹಾಕುವವರಂತೂ ಇದನ್ನು ಮಾಡದೆ ಸಹಿ ಹಾಕಲೇಬಾರದು. ಅಲ್ಲಿ ಸಿಕ್ಕರೆ ಸೇರಲೇಬೇಕು, ನಾಲ್ಕು ಪತ್ರ ಪಕ್ಕ ಪಕ್ಕ ಇಟ್ಟು ನೋಡುವ ಅವಕಾಶವೇ ಇರುವುದಿಲ್ಲ.

ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರ ವೀಸಾ, ಅದರ ಮೇಲಿರುವ ಮಕ್ಕಳ ವಿಷಯ ಬರೆಯುವಾಗ ನನಗೆ ಸಂಕಟವಾಗುತ್ತದೆ. ಇಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದ ಮಕ್ಕಳು. ಗ್ರೀನ್ ಕಾರ್ಡ್ ಸಾಲು ಮುಂದೆ ಹೋಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಸರ್ಕಾರದ ನೆರವು ಅವರಿಗಿಲ್ಲ, ಸರ್ಕಾರದ ವಿದ್ಯಾರ್ಥಿ ಸಾಲವೂ ಇಲ್ಲ, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುವ ಹಾಗೂ ಇಲ್ಲ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಡಿಗ್ರಿಯ ನಡುವೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಆಗ ಫೀಸಿನ ದರ ಏನಾಗುತ್ತದೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಈ ಮನೆಗಳವರು ಅಡ್ಮಿಶನ್ ಆಫೀಸಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ವೀಸಾ ಬದಲಾದರೆ ಈ ಸ್ಕಾಲರ್‌ಶಿಪ್ ಉಳಿಯುತ್ತದಾ, ಇನ್-ಸ್ಟೇಟ್ ದರ ಉಳಿಯುತ್ತದಾ? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಹೊರ ರಾಜ್ಯಕ್ಕೆ ಹೋದ ಮೇಲೆ "ಒಂದು ವರ್ಷ ಇದ್ದರೆ ಇನ್-ಸ್ಟೇಟ್ ಆಗುತ್ತೆ" ಅನ್ನುವ ಮಾತನ್ನು ಯಾರೂ ನೆಚ್ಚಬೇಡಿ. ತಂದೆ ತಾಯಿಯ ಮೇಲೆ ಅವಲಂಬಿತರಾದ ಮಕ್ಕಳ ವಾಸಸ್ಥಳ ಸಾಮಾನ್ಯವಾಗಿ ತಂದೆ ತಾಯಿ ಇರುವ ರಾಜ್ಯವೇ.

ಇನ್ನು ದೂರ. ದೂರವನ್ನು ಮೈಲಿಯಲ್ಲಿ ಅಳೆಯಬೇಡಿ, ಮನೆ ಬಾಗಿಲಿಂದ ಹಾಸ್ಟೆಲ್ ಬಾಗಿಲಿಗೆ ಎಷ್ಟು ಹೊತ್ತು ಅಂತ ನೋಡಿ. ನೇರ ವಿಮಾನ ಇರುವ ದೊಡ್ಡ ಊರು ದೂರವಿದ್ದರೂ ಹತ್ತಿರ. ಎರಡು ವಿಮಾನ ಬದಲಿಸಿ, ಅಲ್ಲಿಂದ ಎರಡು ಗಂಟೆ ಬಸ್ಸಿನಲ್ಲಿ ಹೋಗಬೇಕಾದ ಕ್ಯಾಂಪಸ್ ಮ್ಯಾಪಿನಲ್ಲಿ ಹತ್ತಿರವಿದ್ದರೂ ದೂರ. ಥ್ಯಾಂಕ್ಸ್‌ಗಿವಿಂಗ್ ವಾರದ ಟಿಕೆಟ್ ಬೆಲೆ ಈಗಲೇ ಹುಡುಕಿ ನೋಡಿ. ಚಳಿಗಾಲದ ರಜೆಯಲ್ಲಿ ಎಷ್ಟೋ ಡಾರ್ಮ್‌ಗಳು ಮುಚ್ಚುತ್ತವೆ, ಮೇ ತಿಂಗಳಲ್ಲಿ ಹಾಸಿಗೆ, ಫ್ರಿಜ್ಜು ಎಲ್ಲ ಎಲ್ಲಾದರೂ ಬಾಡಿಗೆಗೆ ಇಡಬೇಕು. ಯಾರೂ ಹೇಳದ ಖರ್ಚು ಆರೋಗ್ಯ ವಿಮೆ. ಮನೆಯ ವಿಮೆ, ಆಯಾ ಊರಿನ ಗೊತ್ತಾದ ಡಾಕ್ಟರರಿಗಷ್ಟೇ ನಡೆಯುವ ಎಚ್ಎಂಒ ಆಗಿದ್ದರೆ ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕಾಲೇಜಿನ ವಿಮೆ ಬೇರೆ ಕೊಳ್ಳಬೇಕು, ಅದು ಸಾವಿರಗಳ ಲೆಕ್ಕ.

ದುಡ್ಡಿಗೆ ಸಿಗದ ದೂರವೂ ಇದೆ. ಮಗುವಿಗೆ ಜ್ವರ ಬಂದು ಮೂರು ದಿನ ಮಲಗಿದಾಗ ಕಾರು ಹತ್ತಿ ಹೋಗಿಬಿಡಬಹುದಾ ಅನ್ನುವುದು ನನ್ನಂಥವಳಿಗೆ ದೊಡ್ಡ ವಿಷಯ. ಆದರೆ ಇದು ನನ್ನ ಆತಂಕವೋ, ಮಗುವಿನ ಅಗತ್ಯವೋ ಅಂತ ಬೇರ್ಪಡಿಸಿ ನೋಡಲೇಬೇಕು. ಕೆಲವು ಮಕ್ಕಳು ಮನೆಯಿಂದ ದೂರ ಹೋದ ಮೇಲೇ ಅರಳುತ್ತಾರೆ. ಅವರನ್ನು ನಮ್ಮ ಭಯಕ್ಕೆ ಕಟ್ಟಿಹಾಕಿ, ಅದಕ್ಕೆ ದುಡ್ಡಿನ ನೆಪ ಕೊಡುವುದು ತಪ್ಪು. ದುಡ್ಡು ಕಾರಣ ಆಗಿದ್ದರೆ ದುಡ್ಡು ಅನ್ನಿ. ಭಯ ಆಗಿದ್ದರೆ ಭಯ ಅನ್ನಿ.

ದೊಡ್ಡವಳ ಆಸೆಗೆ ಎಲ್ಲ ಸುರಿದು ಚಿಕ್ಕವನ ಸರದಿ ಬಂದಾಗ ಕೈಚೆಲ್ಲುವ ಮನೆಗಳನ್ನೂ ನೋಡಿದ್ದೇನೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಸಾಲದ ದಾರಿಯೂ ಈಗ ಮೊದಲಿನ ಹಾಗಿಲ್ಲ. ಮಗು ತನ್ನ ಹೆಸರಲ್ಲಿ ಸರ್ಕಾರದಿಂದ ಪಡೆಯಬಹುದಾದ ಸಾಲ ಮೊದಲ ವರ್ಷ 5,500, ಇಡೀ ಡಿಗ್ರಿಗೆ 31,000, ಅಷ್ಟೇ. ತಂದೆ ತಾಯಿ ತಗೊಳ್ಳುವ ಪೇರೆಂಟ್ ಪ್ಲಸ್ ಸಾಲಕ್ಕೆ ಮೊದಲು ಕಾಲೇಜಿನ ವೆಚ್ಚವೇ ಮಿತಿಯಾಗಿತ್ತು. 2025ರಲ್ಲಿ ಆದ ಕಾನೂನಿನಂತೆ 2026ರ ಜುಲೈ 1ರಿಂದ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಮಾತ್ರ. ಅದರ ಮೇಲೆ ಬೇಕಾದರೆ ಖಾಸಗಿ ಸಾಲ. ನಿವೃತ್ತಿಗೆ ಇಟ್ಟ 401(ಕೆ) ಮುರಿದು ಕಟ್ಟುತ್ತೇನೆ ಅನ್ನುವ ಅಣ್ಣಂದಿರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಅರವತ್ತೈದರಲ್ಲಿ ನಿಮ್ಮನ್ನು ನೋಡಿಕೊಳ್ಳುವ ಹೊರೆ ಅದೇ ಮಗುವಿನ ಮೇಲೆ ಬೀಳುತ್ತದೆ.

ಪತ್ರ ಬಂದಾಗಿದೆ, ಸ್ವಲ್ಪದರಲ್ಲಿ ಕೈಗೆಟುಕುತ್ತಿಲ್ಲ ಅನ್ನುವವರು ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆಯಿರಿ. ಎಫ್‌ಎಎಫ್‌ಎಸ್‌ಎ (ಸರ್ಕಾರದ ನೆರವಿಗೆ ತುಂಬುವ ಅರ್ಜಿ) ನೋಡುವುದು ಎರಡು ವರ್ಷ ಹಿಂದಿನ ಆದಾಯ. ಆಮೇಲೆ ಲೇಆಫ್ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ದೊಡ್ಡ ಆಸ್ಪತ್ರೆ ಖರ್ಚು ಬಂದಿದ್ದರೆ, ಕಾಗದ ಪತ್ರ ಲಗತ್ತಿಸಿ ಮರುಪರಿಶೀಲನೆ ಕೇಳುವ ಅವಕಾಶ ಇದೆ. ಬೇರೆ ಕಾಲೇಜು ಹೆಚ್ಚು ಕೊಟ್ಟಿದ್ದರೆ ಆ ಪತ್ರವನ್ನೂ ಕಳಿಸಬಹುದು. ನಮ್ಮವರು ಸಂಕೋಚಪಟ್ಟುಕೊಂಡು ಇದನ್ನು ಕೇಳುವುದೇ ಇಲ್ಲ. ಕೇಳಿದ್ದಕ್ಕೆ ಯಾರೂ ಸೀಟು ವಾಪಸ್ ತಗೊಳ್ಳುವುದಿಲ್ಲ. ಏಪ್ರಿಲ್ ಮೊದಲ ವಾರವೇ ಕಳಿಸಿ, ಅವರಿಗೆ ಉತ್ತರ ಕೊಡಲು ಮೇ 1ಕ್ಕೆ ಮೊದಲು ಸಮಯ ಬೇಕು.